ಗುಡ್ಡ ಗುಡಿಸಿದವರು

ಕರೇಕಲ್ಲ ಗುಡ್ಡ
ಹೊಂಗೆ ಹೂ ಉದುರತೊಡಗಿದ ಎಂಟನೆಯ ದಿನ. ನಿಮ್ಮ ಎಣಿಕೆಯಲ್ಲಿ ಕ್ರಿ.ಶ. ೨೧೮೪

ನಮ್ಮ ಮುತ್ತಜ್ಜ ಮುತ್ತಜ್ಜಿಯರಿಗಿಂತಲೂ ಹಿಂದಿನವರಿಗೆ, ಬೊಮ್ಮಕ್ಕನ ನಮಸ್ಕಾರ.

ನೀವು ಕೇಳಿರದ ಮಾತುಗಳು ಈ ಕಾಗದದಲ್ಲಿ ನುಸುಳಿದರೆ ಸಿಟ್ಟಾಗಬೇಡಿ. ನೀವು ಬರೆದಿಟ್ಟದ್ದನ್ನು ನಾವೂ ತಲೆ ಕೆರೆದುಕೊಂಡೇ ಓದುತ್ತೇವೆ.

ನೀವು ಕಲ್ಲು ಒಡೆದು ಬಿಟ್ಟುಹೋದ ಬೋಳುಗುಡ್ಡಕ್ಕೆ ನಮ್ಮೂರವರು ಬುಟ್ಟಿಯಲ್ಲಿ ಮಣ್ಣು ಹೊತ್ತು ಬೇವು, ಹೊಂಗೆ ನೆಟ್ಟರು. ಅಂದಿನಿಂದ ನಮ್ಮ ಮಕ್ಕಳಿಗೆ ವಾರಕ್ಕೆ ಮೂರು ದಿನ ಬಯಲುಸರದಿ. ಎಂದರೆ, ಆ ದಿನಗಳಲ್ಲಿ ಗುಡ್ಡವೇ ಶಾಲೆ, ದೊಡ್ಡವರು ಪಾಠ ಹೇಳುವಂತಿಲ್ಲ. ಇರುವೆ ಮೊಟ್ಟೆ ಹೊತ್ತು ಮೇಲೇರಿದರೆ ಮಳೆ ಹತ್ತಿರ ಎಂದು, ಗೌಜುಗ ಹಕ್ಕಿ ಕೂಗಿದ ಕಡೆ ಮೆಲ್ಲಗೆ ನಡೆಯಬೇಕೆಂದು, ಕಾರೆಹಣ್ಣಿನ ಆಸೆಗೆ ಮುಳ್ಳಿನೊಳಗೆ ಹೇಗೆ ಕೈ ಹಾಕಬೇಕೆಂದು ನಾನು ಕಲಿತದ್ದು ಹಾಗೆಯೇ.

ಆದರೆ ಗುಡ್ಡ ನಮ್ಮ ಕೈಯಲ್ಲಿ ಉಳಿಯಲು ಸುತ್ತಲ ಊರುಗಳ ನೆಲ ನೋಡಿಕೊಳ್ಳುವ ಏಳೂರ ಕೂಟದ ಷರತ್ತೊಂದಿತ್ತು. ಗಿಡ ನೆಟ್ಟ ಹನ್ನೆರಡನೆಯ ವರ್ಷಕ್ಕೆ ಅಲ್ಲಿ ನೂರು ತಾನೇಹುಟ್ಟು ಇರಬೇಕು. ಯಾರೂ ನೆಡದೆ, ಗುಡ್ಡದ್ದೇ ಬೀಜದಿಂದ ಎದ್ದ ಸಸಿಗೆ ನಾವು ಹಾಗೆನ್ನುತ್ತೇವೆ. ಇಲ್ಲದಿದ್ದರೆ ಗುಡ್ಡ ಬಿಸಿಲುಹೊಲವಾಗುತ್ತಿತ್ತು. ಅಲ್ಲಿ ಬೆಳಕನ್ನು ಕೊಯ್ಲು ಮಾಡುವ ಹಲಗೆಗಳು ನಿಲ್ಲುತ್ತವೆ, ಮಕ್ಕಳು ಕಾಲಿಡುವಂತಿಲ್ಲ.

ಹನ್ನೊಂದು ವರ್ಷ ಕಳೆಯಿತು. ಮರಗಳು ಹೂಬಿಟ್ಟವು, ಕಾಯಿ ಕಚ್ಚಿದವು. ತಾನೇಹುಟ್ಟು ಮಾತ್ರ ಒಂದೂ ಇಲ್ಲ. ಯಾಕೆಂದರೆ, ನಮ್ಮ ಜನಕ್ಕೆ ಯಾವುದರ ಮೇಲಾದರೂ ಪ್ರೀತಿ ಬಂದರೆ ಅದನ್ನು ಗುಡಿಸದೆ ನಿದ್ದೆ ಬರುವುದಿಲ್ಲ. ಪ್ರತಿ ಸೋಮವಾರ ಊರಿಗೆ ಊರೇ ಪೊರಕೆ ಹಿಡಿದು ಗುಡ್ಡ ಹತ್ತುತ್ತಿತ್ತು. ಮುಂದಾಳು ಓಬಕ್ಕಜ್ಜಿ. "ಗುಡ್ಡ ಅಂದ್ರೆ ದೇವ್ರ ಅಂಗ್ಳ ಕಣ್ರೇ. ಹಿಂಗೆ ತರಗು ಬಿದ್ದಿದ್ರೆ ನೋಡ್ದೋರು ಏನಂದಾರು?" ಎಂದು ಗದರುತ್ತಿದ್ದಳು. ತರಗೆಲೆಯೂ ಅದರೊಳಗಿನ ಬೀಜವೂ ಒಲೆ ಸೇರುತ್ತಿದ್ದವು. ಗುಡ್ಡ ಕಣದ ಹಾಗೆ ಫಳಫಳ ಹೊಳೆಯುತ್ತಿತ್ತು.

ಗಡುವಿಗೆ ಇನ್ನೆರಡು ವರ್ಷ ಇದ್ದಾಗ ನನಗೆ ಒಂಬತ್ತು ವರ್ಷ, ಮೈತುಂಬ ಸೋಮಾರಿತನ. ನನ್ನ ಪಾಲಿನ ತರಗನ್ನು ಕೆಳಗೆ ಹೊರುವ ಬದಲು ಹಳೆಯ ಕಲ್ಲುಕುಣಿಗೆ ನೂಕಿ, ಹೊಂಗೆ ನೆರಳಲ್ಲಿ ಅಂಗಾತ ಬಿದ್ದುಕೊಳ್ಳುತ್ತಿದ್ದೆ. ಎರಡು ವರ್ಷ ಯಾರಿಗೂ ತಿಳಿಯಲಿಲ್ಲ.

ಹನ್ನೆರಡನೆಯ ವರ್ಷ ಕೂಟದಿಂದ ಪಾಲಯ್ಯ ಎಂಬವರು ಗುಡ್ಡ ನೋಡಲು ಬಂದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹುಡುಕಿದರೂ ಸಿಕ್ಕಿದ್ದು ಸೊನ್ನೆ. ಅವರ ಜೊತೆಯವರು ಹಲಗೆ ನಿಲ್ಲಿಸುವ ಜಾಗಕ್ಕೆ ಸುಣ್ಣದ ಗುರುತನ್ನೂ ಹಾಕತೊಡಗಿದರು. ಓಬಕ್ಕಜ್ಜಿ ಬಂಡೆಯ ಮೇಲೆ ಕುಸಿದು ಕೂತಳು. ಪಾಲಯ್ಯ ಕೊನೆಗೆ ಕುಣಿಯ ಕಡೆ ಹೆಜ್ಜೆ ಹಾಕಿದಾಗ, ನನ್ನ ಕಳ್ಳತನ ಬಯಲಾಗುತ್ತದೆಂದು ಅಡ್ಡ ಓಡಿದೆ.

"ಅಲ್ಲೇನಿಲ್ಲ ಮಾವಾ, ಬರೀ ಹಾವು!"

"ಹಾವೈತಾ? ಹಂಗಾದ್ರೆ ನೋಡ್ಲೇಬೇಕಲ್ಲವ್ವಾ," ಎಂದು ಅವರು ನಕ್ಕು ಇಣುಕಿದರು. ಇಣುಕಿದವರು ಹಾಗೇ ನಿಂತುಬಿಟ್ಟರು.

ಮೊಣಕಾಲುದ್ದ ತರಗು ಕೊಳೆತು ಕಪ್ಪು ಮಣ್ಣಾಗಿತ್ತು. ಅದರ ತುಂಬ ಬೇವು, ಹೊಂಗೆಯ ಸಸಿಗಳು ಒಂದರ ಮೈಮೇಲೊಂದು ನೂಕಾಡುತ್ತಿದ್ದವು. ನೂರು ದಾಟಿದ ಮೇಲೆ ಪಾಲಯ್ಯ ಎಣಿಸುವುದನ್ನೇ ಬಿಟ್ಟರು.

ಓಬಕ್ಕಜ್ಜಿ ನನ್ನ ಕಿವಿ ಹಿಂಡಿದಳು. "ಎಲ್ಡು ವರ್ಷದಿಂದ ಮೋಸ ಮಾಡ್ಕೊಂಡು ಬಂದೀಯೇನೇ ಮೈಗಳ್ಳಿ!" ಕಿವಿ ಬಿಡದೆಯೇ ಅತ್ತಳು, ಬಿಡದೆಯೇ ನಕ್ಕಳು. ಆಮೇಲೆ, "ಅಂದ್ರೆ ಹನ್ನೊಂದು ವರ್ಷ ನಾವು ಗುಡಿಸಿದ್ದು ಗುಡ್ಡದ ಮಕ್ಳನ್ನೇ ಅಂತಾಯ್ತು," ಎಂದಳು.

ಗುಡ್ಡ ನಮ್ಮ ಕೈಯಲ್ಲೇ ಉಳಿಯಿತು, ಸುಣ್ಣದ ಗುರುತು ಮುಂದಿನ ಮಳೆಗೆ ತೊಳೆದುಹೋಯಿತು. ಅಜ್ಜಿಗೆ ಮಾತ್ರ ಕೈ ಚಾಳಿ ಬಿಡಲಿಲ್ಲ. ಸಾಯುವ ತನಕವೂ ಗುಡ್ಡದಲ್ಲಿ ಎಲೆ ಕಂಡರೆ ಬಗ್ಗಿ ಎತ್ತಿಕೊಳ್ಳುತ್ತಿದ್ದಳು. ನಾಲ್ಕು ಹೆಜ್ಜೆ ಹೋಗಿ, ನೆನಪಾಗಿ, ಮತ್ತೆ ತಂದು ಅಲ್ಲೇ ಇಡುತ್ತಿದ್ದಳು.

ನಿಮ್ಮೂರಿನ ಪಕ್ಕದಲ್ಲೂ ಇಂಥದೊಂದು ಬೋಳುಗುಡ್ಡ ಇದ್ದೇ ಇರುತ್ತದೆ. ನಾವು ಹುಟ್ಟಿ ಬಂದು ಸರಿಮಾಡಲೆಂದು ಕಾಯಬೇಡಿ. ನಾಳೆಯೇ ಮಣ್ಣಿನ ಬುಟ್ಟಿ ಎತ್ತಿಕೊಳ್ಳಿ, ಮಕ್ಕಳನ್ನೂ ಕರೆದುಕೊಂಡು ಹತ್ತಿ. ಅವರು ಹೇಳಿದ ಕೆಲಸ ಬಿಟ್ಟು ಯಾವುದೋ ನೆರಳಲ್ಲಿ ಮರೆಯಾದರೆ ತಕ್ಷಣ ಕೂಗಬೇಡಿ, ಒಂದಿಷ್ಟು ಹೊತ್ತು ಬಿಡಿ. ಪೊರಕೆ ಮಾತ್ರ ಮನೆಯಲ್ಲೇ ಇರಲಿ.