ಒಂದು ಗೇಣು ಕೆಳಗೆ

ಆಲ್ಕೊಳ, ಶಿವಮೊಗ್ಗ
ಮಂಗಳವಾರ, 9-12-2003

ಪ್ರೀತಿಯ ತಮ್ಮ ಸಿದ್ದುವಿಗೆ,

ಹೇಗಿದ್ದೀಯ ಮಾರಾಯ? ಅವತ್ತು ನೀರಲ್ಲಿ ನೆನೆದು ಹಿಡಿದ ಕೆಮ್ಮು ಇಳಿಯಿತಾ? ಭದ್ರಾವತಿಯ ಧೂಳು ನಿನ್ನ ಗಂಟಲಿಗೆ ಆಗುವುದಿಲ್ಲ, ಕರಿಬಸಮ್ಮತ್ತೆಗೆ ಹೇಳಿ ಕಷಾಯ ಮಾಡಿಸಿಕೊಂಡು ಕುಡಿ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಆದರೆ ನೀನು ಬ್ಯಾಗು ಹಿಡಿದು ಅತ್ತೆ ಮನೆಗೆ ಹೋದ ದಿನದಿಂದ ಅವ್ವ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಮೀನು ಸಾರು ಮಾಡಿದರೆ ತಲೆಯನ್ನು ನಿನಗೆಂದು ಎತ್ತಿಡುತ್ತಾಳೆ, ಆಮೇಲೆ ನೀನಿಲ್ಲ ಎಂದು ನೆನಪಾಗಿ ಬೆಕ್ಕಿಗೆ ಹಾಕುತ್ತಾಳೆ. ನನಗಲ್ಲ, ಬೆಕ್ಕಿಗೆ! ಫೋನ್ ಮಾಡಿದರೆ ನೀನು ಎದ್ದು ಬರುವುದಿಲ್ಲ ಎಂದು ಅತ್ತೆ ಹೇಳುತ್ತಾರೆ, ಅದಕ್ಕೇ ಈ ಕಾಗದ.

ಗಾಜನೂರಿನ ಹಿನ್ನೀರಿನಲ್ಲಿ ವೆಂಕಟಾಚಲರ ಬೋಟಿಗೆ ನೀರು ತುಂಬಿದ್ದು ನೀನು ಬೂಚು ಹಾಕಲು ಮರೆತದ್ದರಿಂದ ಎಂದು ಎಲ್ಲರೂ ನಂಬಿದ್ದಾರೆ. ಬೋಟು ದಡದಲ್ಲಿರುವಾಗ ಒಳಗೆ ನಿಂತ ನೀರು ಹರಿದು ಹೋಗಲೆಂದು ಹಿಂಬದಿಯ ತಳದ ತೂತನ್ನು ತೆರೆದಿಡುತ್ತೀರಿ, ನೀರಿಗಿಳಿಸುವ ಮೊದಲು ಬೂಚು ಬಿಗಿಯುತ್ತೀರಿ. ಇದು ಈಗ ಆಲ್ಕೊಳ ಸರ್ಕಲ್ಲಿನ ಆಟೋದವರಿಗೂ ಗೊತ್ತು. ಕೆಲಸದಿಂದ ಬಿಡಿಸಿದ ದಿನ ನೀನೂ, "ಹಾಕಿದ್ದೆ ಅನ್ಸುತ್ತಣ್ಣ, ಆದ್ರೆ ಈಗ ನಂಗೇ ಡೌಟು" ಅಂದೆ. ನಾನು ಇರಬಹುದು ಎಂಬಂತೆ ತಲೆಯಾಡಿಸಿದೆ.

ಈಗ ಕೇಳು. ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಹದಿನಾರು ವರ್ಷದಿಂದ ಸವಳಂಗ ರಸ್ತೆಯಲ್ಲಿ ಕೂತು ಪಂಪು ಬಿಚ್ಚಿ ಕಟ್ಟುತ್ತಿದ್ದೇನೆ. ತೋಟದವರಿಗೆ ಮೋಟಾರು ಸುಟ್ಟಾಗ ಮಾತ್ರ ನಾನು ಯೋಗಣ್ಣ, ನೀರು ಬಂದ ಮೇಲೆ ತಿರುಗಿಯೂ ನೋಡುವುದಿಲ್ಲ. ನೀನು ಮಲ್ಪೆಯಲ್ಲಿ ಮೂರೇ ಮೂರು ತಿಂಗಳು ಬೋಟು ಕಲಿತು ಬಂದೆ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿದೆ, ಕಪ್ಪು ಕನ್ನಡಕ ಏರಿಸಿದೆ, ಮುಗಿಯಿತು, ಊರಿಗೆ ಊರೇ ನಿನ್ನ ಹಿಂದೆ. ಶಾಲೆಯಲ್ಲಿ ಮನೆಯವರ ಚಿತ್ರ ಬರೆಯಿರಿ ಎಂದರೆ ನನ್ನ ಮಗಳು ಇಂಪನಾ ಬೋಟು ಓಡಿಸುವ ಚಿಕ್ಕಪ್ಪನನ್ನು ಹಾಳೆ ತುಂಬ ಬರೆದಳು. ನಾನೆಲ್ಲಿ ಎಂದು ಕೇಳಿದರೆ, "ಜಾಗ ಸಾಲ್ಲಿಲ್ಲಪ್ಪ" ಅಂದಳು.

ಅದರ ಮೇಲೆ ಬೋಟಿಗೆ ಹೊಸ ಪಂಪು ಕೂರಿಸುವಾಗ ಪೈಪನ್ನು ಎಲ್ಲಿಗೆ ಬಿಡುವುದು ಎಂದು ವೆಂಕಟಾಚಲ ನಿನ್ನನ್ನು ಕೇಳಿದರು. ಪಂಪಿನ ವಿಷಯ, ನಾನು ಎದುರಿಗೇ ನಿಂತಿದ್ದೇನೆ, ಕೇಳಿದ್ದು ನಿನ್ನನ್ನು! ಬೋಟಿನ ತಳದಲ್ಲಿ ನೀರು ಸೇರಿದರೆ ತೇಲುವ ಫ್ಲೋಟ್ ಸ್ವಿಚ್ಚು ಏಳುತ್ತದೆ, ಪಂಪು ತಾನೇ ಶುರುವಾಗಿ ಹೊರಗೆಸೆಯುತ್ತದೆ, ನೀರು ಇಳಿದರೆ ನಿಲ್ಲುತ್ತದೆ. ಇದರಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಎಂದುಕೊಂಡೆ. ನೀನು ಪೈಪನ್ನು ಬೋಟಿನ ಹಿಂಬದಿಯ ಅಂಚಿನ ತನಕ ಎತ್ತಿ, ಬಗ್ಗಿಸಿ, ಮೇಲಿನ ತೂತಿಗೆ ಕೊಟ್ಟೆ. ನಾನು ನಕ್ಕೆ. ತೋಟದ ಪಂಪಿನಲ್ಲಿ ಎತ್ತರ ಕಡಿಮೆಯಾದಷ್ಟೂ ನೀರು ಜಾಸ್ತಿ. "ಕೆಳಗಿದ್ರೆ ನೀರು ವಾಪಸ್ ಬರುತ್ತಣ್ಣ" ಅಂದೆ ನೀನು. ನಿನ್ನಿಂದ ನಾನು ಪಂಪು ಕಲಿಯಬೇಕಾ ಎಂದು ಮೈಯೆಲ್ಲ ಉರಿಯಿತು. ಶನಿವಾರ ಸಂಜೆ ನೀನು ಟೀ ಕುಡಿಯಲು ಹೋದಾಗ ಒಂದು ಗೇಣು ಕೆಳಗೆ ಹೊಸ ತೂತು ಕೊರೆದು ಪೈಪನ್ನು ಅಲ್ಲಿಗೆ ಬಿಟ್ಟೆ, ಮೇಲಿನದನ್ನು ಎಂಸೀಲ್ ಹಚ್ಚಿ ಮುಚ್ಚಿದೆ. ನಾಳೆ ನೀರು ಹೇಗೆ ಚಿಮ್ಮುತ್ತದೆ ಎಂದು ನೋಡಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಬೋಟು ಹತ್ತಲು ಪ್ರವಾಸಿಗರು ಮುತ್ತಿದ್ದರು, ನೀನು ಆ ಕಡೆ ಬಗ್ಗಿ ನೋಡಲಿಲ್ಲ. ಆರು ಜನ ಹಿಂದೆಯೇ ಕೂತರು, ಬೋಟಿನ ಹಿಂಭಾಗ ತಗ್ಗಿತು, ನಾನು ಕೊರೆದ ತೂತು ನೀರಿನಡಿ ಹೋಯಿತು. ಪಂಪು ನಿಂತಾಗಲೆಲ್ಲ ಹೊಳೆಯ ನೀರು ಅದೇ ಪೈಪಿನಲ್ಲಿ ಒಳಗೆ ಬಂತು, ಫ್ಲೋಟ್ ಎದ್ದಿತು, ಪಂಪು ಮತ್ತೆ ಓಡಿತು. ಹೀಗೇ ಓಡಿ ಓಡಿ ಬ್ಯಾಟರಿ ಸತ್ತಿತು. ಆಮೇಲೆ ಬರುವ ನೀರನ್ನು ಕೇಳುವವರೇ ಇರಲಿಲ್ಲ. ನೀನು ಹುಟ್ಟು ಹಾಕಿ ಎಲ್ಲರನ್ನೂ ದಡ ಮುಟ್ಟಿಸಿದೆ, ದೇವರು ದೊಡ್ಡವನು. ಬೋಟನ್ನು ಮೇಲೆಳೆದ ಮೇಲೆ ನೀರು ಬಿಡಲು ಮೊದಲು ಕೈ ಹಾಕಿದವನು ನಾನು. ಬೂಚು ಇತ್ತು ಸಿದ್ದು. ಬಿಗಿಯಾಗಿಯೇ ಇತ್ತು. ತಿರುಗಿಸಿ ತೆಗೆದೆ. ಅಷ್ಟರಲ್ಲಿ ಯಾರೋ ಖಾಲಿ ತೂತನ್ನು ನೋಡಿ, "ಬೂಚು ಹಾಕೋದು ಮರ್ತಿದಾನೆ ಕಣ್ರೋ" ಅಂದರು. ನಾನು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

ನಿನ್ನ ಅತ್ತಿಗೆ ದಿನಾ ನಿನ್ನನ್ನು ನೆನೆಸುತ್ತಾಳೆ. ಅತ್ತೆಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯದಾಗಲಿ ಎಂದು ಹರಸುವ ಯೋಗ್ಯತೆ ನನಗಿಲ್ಲ, ಆದರೂ ಬರೆದಿದ್ದೇನೆ.

ನಿನ್ನ ಅಣ್ಣ,
ಯೋಗರಾಜ್

ತಾ.ಕ.: ಇದನ್ನು ಬರೆಯದೆಯೇ ಕವರು ಅಂಟಿಸಲು ಹೊರಟಿದ್ದೆ. ನಿನ್ನ ಕೆಲಸವನ್ನು ವೆಂಕಟಾಚಲ ನನಗೇ ಕೊಟ್ಟರು, ನಾನು ತೆಗೆದುಕೊಂಡೆ. ಓಡಿಸಲು ನೀನೇ ಕಲಿಸಿದ್ದೆಯಲ್ಲ. ಕೆಳಗಿನ ತೂತು ಮುಚ್ಚಿ, ಪೈಪನ್ನು ಗುಟ್ಟಾಗಿ ಮೊದಲಿನ ಹಾಗೆ ಮಾಡಿ, ಮೊನ್ನೆ ಶನಿವಾರ, ಭಾನುವಾರ ನಿನ್ನ ಜಾಗದಲ್ಲಿ ಕೂತೆ. ಬಹಳ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಭಾನುವಾರ ಇಂಪನಾಳನ್ನೂ ಕೂರಿಸಿಕೊಂಡಿದ್ದೆ. ನಾಲ್ಕು ಜನರೆದುರು, "ಚಿಕ್ಕಪ್ಪ ಬೂಚು ಹಾಕೋಕೆ ಮರ್ತಿದ್ದು ಎಲ್ಲಪ್ಪ?" ಅಂತ ಕೇಳಿದಳು. ನಾನು ಬೆರಳು ಮಾಡಿ ತೋರಿಸಿದೆ ಮಾರಾಯ, ತೋರಿಸಿಬಿಟ್ಟೆ. ರಾತ್ರಿಯೆಲ್ಲ ಆ ಬೆರಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಿನ್ನೆ ವೆಂಕಟಾಚಲರಿಗೆ ಎಲ್ಲ ಹೇಳಿದೆ, ಮಗಳಿಗೂ ಹೇಳಿದೆ. ಈ ಭಾನುವಾರ ಬೆಳಿಗ್ಗೆ ಎಂಟಕ್ಕೆ ನೀನು ಕೆಲಸಕ್ಕೆ ಬರಬೇಕಂತೆ. ನಾನೂ ದಡದಲ್ಲಿರುತ್ತೇನೆ. ನೀನು ಬೋಟು ತಿರುಗಿಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿದೇ ಉರಿಯುತ್ತದೆ, ಅದಿನ್ನೂ ಹೋಗಿಲ್ಲ. ಉರಿಯಲಿ, ನೀನು ಬಾ.