ನೀನು ಹೇಗೂ ಬಿಡುವುದು

ಅಕ್ಕಾ,

ಫೋನಿನಲ್ಲಿ ನಾನು ಕೇಳಿದ ಕೂಡಲೇ ನೀನು "ಥೂ ಹೊಲಸೇ, ಕೇಳೋಕೆ ಇನ್ನೇನೂ ಸಿಗಲಿಲ್ವೇನೇ?" ಎಂದು ನಕ್ಕು ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ, ಕಾಗದವಾದರೆ ನಗು ಮುಗಿದ ಮೇಲೂ ಓದಬಹುದು.

ಅಂಡಾಶಯದ ಈ ಪಿಸಿಓಎಸ್ ಕಾಯಿಲೆಯೆದುರು ನನ್ನ ಮಾತ್ರೆಗಳೆಲ್ಲ ಸೋತವು. ಮುಟ್ಟು ನಿಂತಾಗ ಬಸಿರೆಂದು ಅತ್ತೆ ಹಿಗ್ಗಿದರು. ಅಲ್ಲವೆಂದು ತಿಳಿದ ಮೇಲೆ ಮಾತೇ ಬಿಟ್ಟರು. ಊರ ಹೆಂಗಸರ ಮೀಸೆ ತೆಗೆದು ಪಾರ್ಲರ್ ಕಟ್ಟಿದವಳು ನಾನು. ಈಗ ಶಟರ್ ಎತ್ತುವ ಮೊದಲು ಕದ್ದು ನನ್ನ ಗಡ್ಡ ಬೋಳಿಸಿಕೊಳ್ಳುತ್ತೇನೆ.

ಕರುಳಿನ ಸೂಕ್ಷ್ಮಾಣುಗಳಿಗೂ ಈ ಕಾಯಿಲೆಗೂ ನಂಟಿರಬಹುದಂತೆ. ಆಸ್ಪತ್ರೆಯಲ್ಲಿ ಪ್ರಯೋಗ ನಡೆಸುತ್ತಿದ್ದಾರೆ: ಆರೋಗ್ಯವಂತ ರಕ್ತಸಂಬಂಧಿಯ ಮಲದಿಂದ ಒಳ್ಳೆಯ ಸೂಕ್ಷ್ಮಾಣುಗಳನ್ನು ತೆಗೆದು ನನ್ನ ಕರುಳಿಗೆ ಸೇರಿಸುತ್ತಾರೆ. "ಗುಣ ಆಗುತ್ತೆ ಅಂತ ಖಾತ್ರಿ ಇಲ್ಲಮ್ಮಾ" ಎಂದರು ಡಾಕ್ಟರು. ಖಾತ್ರಿ ಕೊಟ್ಟವರನ್ನೂ ನೋಡಿಯಾಯಿತು. ನನಗೆ ಉಳಿದಿರುವ ರಕ್ತಸಂಬಂಧಿ ನೀನೊಬ್ಬಳೇ.

ಸೋಮವಾರ ಬೆಳಿಗ್ಗೆ ಪರೀಕ್ಷೆಗೆ ಬಾ. ಹೆಸರು ಸೇರಿಸಲು ಅದೇ ಕೊನೆಯ ದಿನ. ಕೆಮ್ಮು ಬಂತೆಂದು ಆ್ಯಂಟಿಬಯಾಟಿಕ್ ನುಂಗಬೇಡ, ಒಳ್ಳೆಯ ಸೂಕ್ಷ್ಮಾಣುಗಳೂ ಸಾಯುತ್ತವೆ. ನಾಚಿಕೆಯಾದರೆ ರಕ್ತ ಕೊಡಲು ಹೊರಟೆನೆಂದು ಭಾವನಿಗೆ ಹೇಳು.

ಚಿಕ್ಕಂದಿನಲ್ಲಿ ನೀನು ಬಿಟ್ಟ ಫ್ರಾಕುಗಳನ್ನೇ ತೊಟ್ಟು ಬೆಳೆದೆ, ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಇದೂ ನೀನು ಹೇಗೂ ಬಿಡುವುದೇ ಅಲ್ಲವೇನೇ?

ದಾರಿಯುದ್ದಕ್ಕೂ ನಗುತ್ತಲೇ ಬಾ. ಆದರೆ ಬಾ.

ನಿನ್ನ ತಂಗಿ