ಅತ್ತೆಯ ನಾಲಿಗೆ, ನನ್ನ ಬೆನ್ನು

ಮಾರ್ಚ್ 3, ಸೋಮವಾರ. ಬೆಳಗ್ಗೆ 5

ಐವತ್ತಾರು ಕೆಜಿ ಮುನ್ನೂರು ಗ್ರಾಂ. ಮೊನ್ನೆಯೂ ಇಷ್ಟೇ, ನಿನ್ನೆಯೂ ಇಷ್ಟೇ. ತಕ್ಕಡಿ ಕೆಟ್ಟಿದೆಯೋ, ನನ್ನ ಹಣೆಬರಹವೋ. ಇಪ್ಪತ್ಮೂರಕ್ಕೆ ಸ್ಪರ್ಧೆ. ಅಷ್ಟರಲ್ಲಿ ಐವತ್ತೈದರ ಒಳಗೆ ಇಳಿಯಬೇಕು. ಇಳಿಯದಿದ್ದರೆ ಮೇಲಿನ ತೂಕದವರ ಜೊತೆ ನಿಲ್ಲಿಸುತ್ತಾರೆ — ಆನೆಗಳ ಮಧ್ಯೆ ಆಡು.

ನಲವತ್ತೆರಡನೇ ವಯಸ್ಸಿಗೆ ಬಾಡಿ ಬಿಲ್ಡಿಂಗ್. ಬೇಕಿತ್ತಾ ನನಗೆ? ಬೇಕಿತ್ತು. ಅದೇ ಕಷ್ಟ. ಆಸ್ಪತ್ರೆ ಅಡುಗೆಮನೆಯಲ್ಲಿ ಇಷ್ಟು ವರ್ಷ ಪಾತ್ರೆ ಎತ್ತಿ ಇಳಿಸಿದ ತೋಳು ಇದು. ಒಂದೇ ಒಂದು ಸಲ ದೀಪದ ಬೆಳಕಲ್ಲಿ ನಿಂತು ತೋರಿಸಬೇಕು. ಗೆಲ್ಲದಿದ್ದರೂ ಸರಿ.

ಉಪ್ಪು ಬಿಟ್ಟು ಎರಡು ವಾರ. ಉಪ್ಪು ತಿಂದರೆ ಚರ್ಮದ ಕೆಳಗೆ ನೀರು ನಿಲ್ಲುತ್ತದಂತೆ, ಮಾಂಸಖಂಡದ ಗೆರೆ ಕಾಣುವುದಿಲ್ಲವಂತೆ. ಕೋಚ್ ನನಗಿಂತ ಚಿಕ್ಕವನು, ಅಕ್ಕಾ ಅಕ್ಕಾ ಅಂತಲೇ ಪ್ರಾಣ ತೆಗೆಯುತ್ತಾನೆ.

ಇವರಿಗೆ ಎಲ್ಲ ಗೊತ್ತು. ಅತ್ತೆಗೆ ಗೊತ್ತಿಲ್ಲ. ಜಿಮ್ಮಿಗೆ ಹೋಗುವುದು ಸೊಂಟ ನೋವಿಗೆ ಅಂತ ಹೇಳಿದ್ದೇನೆ. "ಅಮ್ಮನಿಗೆ ಆ ಸ್ಪರ್ಧೆಯ ತುಂಡು ಬಟ್ಟೆ ತೋರಿಸೋ ದಿನ ನಾನು ಊರಲ್ಲಿ ಇರಲ್ಲ," ಅಂದರು ಇವರು. ಬಸ್ ಡ್ರೈವರ್ ತಾನೆ, ಓಡಿಹೋಗುವುದು ಸುಲಭ.

ಡಬ್ಬಿ ಕಟ್ಟಿಟ್ಟಿದ್ದಾರೆ ಅತ್ತೆ. ಓಟ್ಸ್, ಬೇಯಿಸಿದ ತರಕಾರಿ. ಹೊರಟೆ.

ಮಾರ್ಚ್ 7, ಶುಕ್ರವಾರ

ವಾರ್ಡಿನಿಂದ ತಟ್ಟೆಗಳು ಹಾಗೇ ವಾಪಸ್. ಸೂಪ್ ಸಪ್ಪೆ ಅಂತೆ. ನನ್ನ ನಾಲಿಗೆಗೆ ಸರಿಯಾಗೇ ಇತ್ತಲ್ಲ! ಒಂದು ತೊಟ್ಟು ಬಾಯಿಗೆ ಬಿಟ್ಟುಕೊಳ್ಳುವುದು, ಉಗುಳುವುದು. ಉಪ್ಪು ಬಿಟ್ಟ ನಾಲಿಗೆಗೆ ಅಷ್ಟಕ್ಕೇ ಉಪ್ಪು ಅನಿಸುತ್ತದೆ.

ನಮ್ಮ ಅಡುಗೆಮನೆಯಲ್ಲಿ ಒಂದು ಕಟ್ಟಳೆ: ಉಪ್ಪು ಹಾಕಿದವಳೇ ರುಚಿ ನೋಡಬೇಕು. ಇನ್ನೊಬ್ಬಳ ಕೈಗೆ ಸೌಟು ಕೊಟ್ಟರೆ ನನಗೆ ಅಡುಗೆ ಬರುವುದಿಲ್ಲ ಅಂತ ಒಪ್ಪಿಕೊಂಡ ಹಾಗೆ. ಈ ಕಟ್ಟಳೆ ಮಾಡಿದ್ದು ಯಾರು? ನನ್ನ ಅತ್ತೆಯೇ. ನನಗಿಂತ ಮೊದಲು ಆ ಒಲೆ ಅವರದು. ರಿಟೈರ್ ಆಗುವಾಗ ನನ್ನನ್ನು ನಿಲ್ಲಿಸಿ, "ನನ್ನ ಹೆಸರು ಉಳಿಸು," ಅಂದಿದ್ದರು.

ನಾಳೆಯಿಂದ ಅಂದಾಜಿಗೆ ಸ್ವಲ್ಪ ಜಾಸ್ತಿ ಹಾಕುವುದು.

ಮಾರ್ಚ್ 11, ಮಂಗಳವಾರ

ಜಾಸ್ತಿಯಾಯಿತು. ಮನೆಯಲ್ಲೂ. "ಏನೇ, ಸಮುದ್ರದ ನೀರಲ್ಲಿ ಬೇಯಿಸಿದ್ಯಾ?" ಅಂದರು ಇವರು. ಅತ್ತೆ ತುಟಿ ಬಿಚ್ಚಲಿಲ್ಲ. ನನ್ನ ಕತ್ತಿನ ಎಲುಬನ್ನೇ ನೋಡುತ್ತಿದ್ದರು. ಅದು ನನಗೆ ಹೆದರಿಕೆ. ಅತ್ತೆ ಬೈದರೆ ನೆಮ್ಮದಿ, ಸುಮ್ಮನಿದ್ದರೆ ಏನೋ ಕಾದಿದೆ ಅಂತ.

ಐವತ್ತಾರು ಕೆಜಿ ಇನ್ನೂರು. ಕೋಚ್ ತಲೆ ಕೆರೆದುಕೊಂಡ. "ಅಕ್ಕಾ, ನಿಜ ಹೇಳಿ. ಕದ್ದು ತಿಂತಿದ್ದೀರಾ?" ಮೈಯೆಲ್ಲ ಉರಿಯಿತು. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಬದುಕುತ್ತಿದ್ದೇನೆ, ಕದ್ದು ತಿನ್ನುವುದಂತೆ. ಆದರೂ ಆ ಡಬ್ಬಿಯ ಓಟ್ಸ್ ಈಗೀಗ ಎಷ್ಟು ರುಚಿ... ಹಸಿದವಳಿಗೆ ಎಲ್ಲವೂ ರುಚಿ.

ಮಾರ್ಚ್ 14, ಶುಕ್ರವಾರ. ಸಂಜೆ

ಮನೆಗೆ ಬಂದವಳೇ ಡೈರಿ ತೆಗೆದೆ. ಬರೆದರೆ ಸ್ವಲ್ಪ ಹಗುರಾದೀತೇನೋ.

ಊಟದ ಹೊತ್ತು. ಒಲೆ ಮೇಲೆ ಎರಡು ಪಾತ್ರೆ ಸೂಪ್. ಒಂದು ಮಾಮೂಲಿ ವಾರ್ಡಿಗೆ. ಕೆಂಪು ಮುಚ್ಚಳದ್ದು ಹೃದಯದ ವಾರ್ಡಿಗೆ, ಅದಕ್ಕೆ ಉಪ್ಪು ಮುಟ್ಟಿಸುವ ಹಾಗಿಲ್ಲ. ಬಟ್ಟಲಲ್ಲಿ ಉಪ್ಪು ಖಾಲಿ. ಕೈಯಲ್ಲಿ ಚಮಚ. ಯಾವುದಕ್ಕೆ ಹಾಕಿದೆ?

ನೆನಪಿಲ್ಲ. ತಲೆಯೊಳಗೆ ಹತ್ತಿ ತುರುಕಿದ ಹಾಗೆ.

ಕೆಂಪು ಮುಚ್ಚಳದ್ದು ನಾಲಿಗೆಗೆ ಇಟ್ಟೆ. ಉಪ್ಪು. ಇನ್ನೊಂದು ಇಟ್ಟೆ. ಉಪ್ಪು. ಬಾಯಿ ತೊಳೆಯಲು ನಲ್ಲಿ ನೀರು... ದೇವರೇ, ಅದೂ ಉಪ್ಪು.

ಪಕ್ಕದಲ್ಲೇ ತರಕಾರಿ ಹೆಚ್ಚುವಾಕೆ ಇದ್ದಳು. ಒಂದು ಮಾತು ಕೇಳಬಹುದಿತ್ತು. ಹಾಳು ಮರ್ಯಾದೆ, ಬಾಯಿ ಬರಲಿಲ್ಲ. ಎರಡೂ ಪಾತ್ರೆ ಮೋರಿಗೆ ಸುರಿದೆ. ಮತ್ತೆ ಒಲೆ ಹಚ್ಚಿದೆ. ರೋಗಿಗಳು ಹಸಿದು ಕಾದರು. ಟ್ರಾಲಿ ತಳ್ಳುವವರು ಸಾಲಾಗಿ ನಿಂತು ನನ್ನನ್ನೇ ನೋಡಿದರು.

ಮ್ಯಾನೇಜರ್ ಕೂಗಾಡಲಿಲ್ಲ. "ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ಒಲೆ ಮುಂದೆ ನಿಲ್ಸಕ್ಕಾಗಲ್ಲಮ್ಮ," ಅಂದರು. ಸರಿಯೇ. ಕಳುಹಿಸಿಬಿಟ್ಟಿದ್ದರೆ? ಯಾರೋ ಕುಡಿದುಬಿಟ್ಟಿದ್ದರೆ?

ಬಿಟ್ಟುಬಿಡುತ್ತೇನೆ. ಸ್ಪರ್ಧೆಯೂ ಬೇಡ, ಸುಡುಗಾಡೂ ಬೇಡ.

ಅದೇ ದಿನ. ಮಲಗುವ ಮುಂಚೆ

ಬಿಡಲು ಮನಸ್ಸಿಲ್ಲ.

ಮಾರ್ಚ್ 15, ಶನಿವಾರ

ಮ್ಯಾನೇಜರ್ ಅತ್ತೆಗೆ ಫೋನ್ ಮಾಡಿದ್ದಾರೆ. ನಿಮ್ಮ ಸೊಸೆಗೆ ಹುಷಾರಿಲ್ಲವಾ ಅಂತ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದಾರೆ. "ಯಾವ ಡಾಕ್ಟ್ರಿಗೆ ತೋರಿಸ್ತಿದ್ದೀಯ?"

"ಯಾರಿಗೂ ಇಲ್ಲ ಅತ್ತೆ..."

"ಸುಳ್ಳು ಹೇಳ್ಬೇಡ. ನನ್ನ ಕಣ್ಣಿಗೆ ಮಣ್ಣೆರಚ್ಬೇಡ. ಅವಳೂ ಹೀಗೇ ಕರಗಿದ್ದು. ಮೊದ್ಲು ಕತ್ತು, ಆಮೇಲೆ ಕೆನ್ನೆ."

ಗೋಡೆ ಮೇಲಿನ ನಾದಿನಿಯ ಫೋಟೋ. ಕಾಯಿಲೆಯಲ್ಲಿ ಹೋದವಳು. ನಾನು ಈ ಮನೆಗೆ ಬರುವ ಮೊದಲೇ ಹೋಗಿದ್ದಳು. ಇಷ್ಟು ದಿನ ಅತ್ತೆ ನನ್ನ ಕತ್ತಿನಲ್ಲಿ ನೋಡುತ್ತಿದ್ದದ್ದು ಅವಳನ್ನು. ನನಗೆ ಹೊಳೆಯಲೇ ಇಲ್ಲ. ಎಂಥ ದಡ್ಡಿ ನಾನು.

ಬೀರು ತೆಗೆದೆ. ಸ್ಪರ್ಧೆಯ ಬಟ್ಟೆ ತಂದು ಮುಂದಿಟ್ಟೆ. ಎಲ್ಲ ಹೇಳಿದೆ. ಅತ್ತೆ ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಬಾಕಿದ್ದೆಲ್ಲಿ?"

"ಇಷ್ಟೇ ಅತ್ತೆ."

"ಅಂದ್ರೆ... ನೀನು ಸಾಯ್ತಿಲ್ವಾ?"

"ಇಲ್ಲ ಅತ್ತೆ."

ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಹತ್ತಿರ ಹೋದರೆ ಕೈ ತಳ್ಳಿದರು. ಆಮೇಲೆ ಬಂತು ಸಿಡಿಲು. "ದಿನಾ ನಿನ್ನ ಡಬ್ಬಿಗೆ ಒಂದು ಮುದ್ದೆ ಬೆಣ್ಣೆ ಕಲಸ್ತಿದ್ದೀನಲ್ಲೇ! ನನ್ನ ಸೊಸೆ ಉಳೀಲಿ ಅಂತ!"

ಬೆಣ್ಣೆ! ತಕ್ಕಡಿ ಕೆಟ್ಟಿರಲಿಲ್ಲ.

ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ. ಅತ್ತೆ ಮಾತ್ರ ನಗಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾರ್ಚ್ 19, ಬುಧವಾರ

ಇಷ್ಟು ದಿನ ಮಾತಿಲ್ಲ ಕತೆಯಿಲ್ಲ. ಡಬ್ಬಿಯೂ ಇಲ್ಲ. ಊರಲ್ಲೇ ಇರಲ್ಲ ಅಂದಿದ್ದ ಇವರು ಮಾತ್ರ ಅಮ್ಮನ ಕೋಣೆಗೂ ನನ್ನ ಕೋಣೆಗೂ ಓಡಾಡಿ ಸೋತರು. ಕೆಲಸದಲ್ಲಿ ಉಪ್ಪು ಚಮಚದಲ್ಲಿ ಎರಡೆರಡು ಸಲ ಅಳೆಯುತ್ತೇನೆ. ಅಳೆದು ಹಾಕಿದರೂ ನಂಬಿಕೆಯಿಲ್ಲ.

ಇವತ್ತು ಬೆಳಗ್ಗೆ ಒಲೆ ಹಚ್ಚುತ್ತಿದ್ದೆ. ಹಿಂದಿನಿಂದ ಚಪ್ಪಲಿ ಸದ್ದು. ತಿರುಗಿದರೆ ಅತ್ತೆ! ಹಳೇ ಏಪ್ರನ್, ಹಳೇ ಮುಖ. ಎಲ್ಲರೂ ಎದ್ದು ನಿಂತರು. ಮ್ಯಾನೇಜರ್ ಹತ್ತಿರ ಹೇಳಿಯೇ ಬಂದಿದ್ದರಂತೆ.

"ಕೈ ನಿಂದು, ನಾಲಿಗೆ ನಂದು. ಭಾನುವಾರದ ತನಕ ಅಷ್ಟೇ."

"ಅತ್ತೆ, ಉಪ್ಪು ಹಾಕಿದವಳೇ..."

"ಕಟ್ಟಳೆ ಮಾಡಿದ್ದು ನಾನು. ಮುರಿಯೋದೂ ನಾನೇ. ಸೌಟು ಕೊಡು."

ಒಂದು ತೊಟ್ಟು ಬಾಯಿಗೆ ಬಿಟ್ಟುಕೊಂಡರು. ಇನ್ನರ್ಧ ಚಮಚ ಅಂದರು. ಹಾಕಿದೆ. ಮಧ್ಯಾಹ್ನ ತಟ್ಟೆಗಳು ಖಾಲಿ ಬಂದವು. ಸಂಜೆ ತಕ್ಕಡಿಯಲ್ಲಿ ಐವತ್ತೈದೂವರೆ.

ಮಾರ್ಚ್ 22, ಶನಿವಾರ

ಐವತ್ನಾಲ್ಕು ಒಂಬೈನೂರು! ಸ್ಪರ್ಧೆಯವರ ಕಡೆಯಿಂದ ತೂಕ ನೋಡುವವನು ಕಾಗದದ ಮೇಲೆ ಸೀಲು ಒತ್ತಿದ.

ನಾಳೆವರೆಗೆ ನೀರೂ ಗುಟುಕು ಲೆಕ್ಕ. ಅತ್ತೆ ತಲೆ ಚಚ್ಚಿಕೊಂಡರು. "ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತಾರೆ. ನಿಂಗೆ ಉಪ್ಪೂ ಇಲ್ಲ, ನೀರೂ ಇಲ್ಲ. ಇದ್ಯಾವ ಜನ್ಮದ ಕರ್ಮವೇ!"

ಜನರ ಎದುರು ಅಷ್ಟು ಬಟ್ಟೆಯಲ್ಲಿ... ಕಾಲು ಎತ್ತಿಡಲಾಗದಿದ್ದರೆ? ಹೇಗೆ ನಿಲ್ಲಬೇಕು ಅನ್ನುವುದೇ ಮರೆತರೆ? ನಾಳೆ ಬರುತ್ತೀರಾ ಅಂತ ಅತ್ತೆಯನ್ನು ಕೇಳಲು ಧೈರ್ಯವಾಗಲಿಲ್ಲ.

ಮಾರ್ಚ್ 23, ಭಾನುವಾರ. ವೇದಿಕೆಯ ಹಿಂದೆ

ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂತರೆ ಬಣ್ಣ ಹೋಗುತ್ತದೆ.

ಮೈಗೆಲ್ಲ ಕಂದು ಬಣ್ಣ ಬಳಿಯಬೇಕು, ದೀಪದ ಕೆಳಗೆ ಗೆರೆ ಎದ್ದು ಕಾಣಲು. ಮುಂದೆ ನಾನೇ ಬಳಿದುಕೊಂಡೆ. ಬೆನ್ನು? ಕೋಚ್‌ಗೂ ಇವರಿಗೂ ಹೆಂಗಸರ ಕೋಣೆಗೆ ಪ್ರವೇಶವಿಲ್ಲ. ಉಳಿದವರೆಲ್ಲ ಅವರವರ ಗಡಿಬಿಡಿಯಲ್ಲಿ. ಅಳು ಬಂತು, ಬಣ್ಣ ಕೆಡುತ್ತದೆ ಅಂತ ನುಂಗಿದೆ.

"ಸರಿ ಪಕ್ಕಕ್ಕೆ," ಅಂತ ಯಾರನ್ನೋ ಗದರಿಸುತ್ತಾ ಬಂದರು ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಸ್ಪಂಜು ಕಿತ್ತುಕೊಂಡರು. ನನ್ನನ್ನು ಗೋಡೆಗೆ ತಿರುಗಿಸಿದರು.

ಭುಜದಿಂದ ಶುರು ಮಾಡಿದರು. ನಡುವೆ ಕೈ ನಿಂತಿತು.

"ಕೊನೆಗೆ ಅವಳಿಗೆ ನಾನೇ ಸ್ನಾನ ಮಾಡಿಸ್ತಿದ್ದೆ. ಬೆನ್ನು ಉಜ್ಜಿದ್ರೆ ಬರೀ ಎಲುಬು ಸಿಗೋದು ಕಣೇ."

ಅತ್ತೆ ಅಂಗೈಯಿಂದ ನನ್ನ ಬೆನ್ನು ಒತ್ತಿದರು. ಒಂದು ಕಡೆ. ಇನ್ನೊಂದು ಕಡೆ. ಜೋರಾಗಿ.

"ಇಲ್ಲಿ ಹುಡುಕಿದ್ರೂ ಸಿಗ್ತಿಲ್ಲ," ಅಂದರು. ಮತ್ತೆ ಬಳಿಯತೊಡಗಿದರು, ಪಾತ್ರೆಯ ತಳ ತಿಕ್ಕುವ ಹಾಗೆ.

ನಂಬರ್ ಹದಿನೇಳು ಅಂತ ಕೂಗುತ್ತಿದ್ದಾರೆ. ನನ್ನದೇ. ಅತ್ತೆ ಪೆನ್ನಿಗೆ ಕೈ ಹಾಕಿದರು. "ಬರೆದಿದ್ದು ಸಾಕು, ಬೆನ್ನು ತೋರಿಸಿ ಬಾ ಹೋ—